ಬೆಂಕಿಯ ನೆಲದ ಮೇಲೆ ನೀರಿನ ನೆಗೆತ

ಬಳ್ಳಾರಿಯ ಬೇಸಿಗೆಯನ್ನು ಕಂಡವರಿಗೆ ಬೆಂಕಿಯ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳ ನಡುಹಗಲಿನಲ್ಲಿ ಪಾರ್ವತಿನಗರದ ಬೀದಿಗಳು ನಿರ್ಜನವಾಗುತ್ತವೆ. ಕೋಟೆಯ ಗುಡ್ಡದ ಬೋಳು ಬಂಡೆ ಹಗಲೆಲ್ಲ ಹೀರಿದ ಕಾವನ್ನು ಇರುಳಿನಲ್ಲಿ ಊರಿಗೆ ಹಿಂದಿರುಗಿಸುತ್ತದೆ. ಹಗರಿಯೆಂಬ ನದಿ ವರ್ಷದ ಬಹುಭಾಗ ಮರಳಿನ ಹಾಸಿಗೆಯಾಗಿ ಮಲಗಿರುತ್ತದೆ. ಇಂತಹ ಸೀಮೆಯಲ್ಲಿ ಜಲಪಾತದ ಮಾತೆತ್ತಿದರೆ ಕೇಳಿದವರ ಮನಸ್ಸು ಥಟ್ಟನೆ ಜೋಗದ ಕಡೆಗೆ ಓಡುವುದು ಸಹಜ. ಜಲಪಾತವೆಂಬುದು ಮಲೆನಾಡಿನ ಸೊತ್ತು, ದಟ್ಟವಾದ ಕಾಡಿನ ಕೂಸು; ಬಯಲುಸೀಮೆಗೂ ಅದಕ್ಕೂ ಏನು ನಂಟು ಎಂಬುದು ರೂಢಿಯ ಎಣಿಕೆ.

ಆದರೆ ಜಲಪಾತವನ್ನು ಹಡೆಯುವುದು ಕಾಡಲ್ಲ, ಬಂಡೆ. ಬಂಡೆಯ ಕಥೆಯ ಎಳೆಯನ್ನು ಹಿಡಿದು ಹೊರಟರೆ ಬಳ್ಳಾರಿಯ ಸುಟ್ಟ ಗುಡ್ಡಗಳಿಂದ ಬೆಳಗಾವಿ ಜಿಲ್ಲೆಯ ಗೋಕಾಕದ ಧಬಧಬೆಯವರೆಗೆ ದಾರಿಯೊಂದು ತೆರೆದುಕೊಳ್ಳುತ್ತದೆ. ಈ ಎರಡು ಸೀಮೆಗಳನ್ನೂ ಸುತ್ತಿಗೆ ಹಿಡಿದು ಅಲೆದು, ಕಲ್ಲಿನ ಭಾಷೆಯನ್ನು ಓದಿ ಬರೆದಿಟ್ಟ ಪಂಡಿತನೊಬ್ಬನಿದ್ದನು. ಅವನ ಹೆಸರು ರಾಬರ್ಟ್ ಬ್ರೂಸ್ ಫುಟ್. ೧೮೩೪ರಲ್ಲಿ ಹುಟ್ಟಿ, ೧೮೫೮ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿದ ಈತನು ೧೮೭೬ರಲ್ಲಿ ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯಲಾಗುತ್ತಿದ್ದ ಬೆಳಗಾವಿ-ಕಲಾದಗಿ ಭಾಗದ ಭೂರಚನೆಯನ್ನು ಕುರಿತೂ, ೧೮೯೫ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತೂ ದೊಡ್ಡ ಗ್ರಂಥಗಳನ್ನು ಪ್ರಕಟಿಸಿದನು. ಒಬ್ಬನೇ ವ್ಯಕ್ತಿಯ ಹೆಜ್ಜೆಗಳು ಬೆಸೆದ ಈ ಎರಡು ನೆಲಗಳನ್ನು ಜೊತೆಗಿಟ್ಟು ನೋಡಿದರೆ, ಒಂದೆಡೆ ನೀರು ನೆಗೆಯುವುದೇಕೆ, ಇನ್ನೊಂದೆಡೆ ನೆಗೆಯದಿರುವುದೇಕೆ ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ತಣಿದುಹೋದ ಬೆಂಕಿ

ಬಳ್ಳಾರಿ, ಕುರುಗೋಡುಗಳ ಗುಡ್ಡಗಳೆಲ್ಲ ಬಹುಮಟ್ಟಿಗೆ ಗ್ರಾನೈಟಿನವು. ಭೂಗರ್ಭದ ಆಳದಲ್ಲಿ ಕರಗಿದ್ದ ದ್ರವವು ಮೇಲಕ್ಕೆ ಚಿಮ್ಮದೆ ಅಲ್ಲಿಯೇ ನಿಧಾನವಾಗಿ ಹೆಪ್ಪುಗಟ್ಟಿ ಈ ಕಲ್ಲಾಯಿತು. ಮೇಲಿನ ಹೊದಿಕೆ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದ ಮೇಲೆ ಬಂಡೆಗಳು ಬಯಲಿಗೆ ಬಂದವು. ಈ ಗ್ರಾನೈಟನ್ನು ಅಲ್ಲಲ್ಲಿ ಸೀಳಿಕೊಂಡು ಕರಿಯ ಕಲ್ಲಿನ ಗೋಡೆಗಳು ಹಾಯ್ದಿವೆ. ಬಿರುಕುಗಳಲ್ಲಿ ನುಗ್ಗಿ ತಣಿದ ಶಿಲಾರಸವಿದು. ಇದನ್ನು ಡಾಲರೈಟ್ ಎನ್ನುತ್ತಾರೆ. ಬಳ್ಳಾರಿಗೆ ಸಮೀಪದ ಸಂಗನಕಲ್ಲು-ಕಪ್ಪಗಲ್ಲುಗಳ ಗುಡ್ಡದಲ್ಲಿ ಇಂತಹ ಗೋಡೆಯನ್ನು ಕಾಣಬಹುದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿ ವಾಸವಾಗಿದ್ದ ನವಶಿಲಾಯುಗದ ಜನ ಈ ಕರಿಗಲ್ಲಿನಿಂದಲೇ ಕೊಡಲಿಗಳನ್ನು ತಿದ್ದಿದರು. ಅದರ ಮೈಮೇಲೆಯೇ ಗೂಳಿಗಳ ಚಿತ್ರಗಳನ್ನು ಕುಟ್ಟಿ ಬಿಡಿಸಿದರು. ಅಲ್ಲಿನ ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ನಾದ ಮಾಡುತ್ತವೆ.

ಪಶ್ಚಿಮಕ್ಕೆ ಸಂಡೂರಿನ ಬೆಟ್ಟಸಾಲು. ಅದರ ಕಬ್ಬಿಣದ ಅದಿರು ಲೋಕಕ್ಕೆಲ್ಲ ಗೊತ್ತು. ಅದಿರಿನೊಡನೆ ಪದರಪದರವಾಗಿ ಸೇರಿಕೊಂಡಿರುವ ಹಳೆಯ ಲಾವಾಶಿಲೆಯ ವಿಷಯ ತಿಳಿದವರು ಕಡಿಮೆ. ಸುಮಾರು ೨೭೦ ಕೋಟಿ ವರ್ಷಗಳ ಹಿಂದೆ ಇಲ್ಲಿ ಜ್ವಾಲಾಮುಖಿಗಳು ಲಾವಾರಸವನ್ನು ಕಾರಿದವು. ಅದರಲ್ಲಿ ಬಹುಪಾಲು ಹರಿದದ್ದು ನೀರಿನ ಅಡಿಯಲ್ಲಿ. ಕುದಿಯುವ ರಸವು ತಣ್ಣೀರಿಗೆ ತಾಗಿದೊಡನೆ ಅದರ ಹೊರಮೈ ಗಟ್ಟಿಯಾಗುತ್ತದೆ. ಒಳಗಿನ ರಸವು ಆ ಸಿಪ್ಪೆಯನ್ನು ಒಡೆದು ಮತ್ತೊಂದು ಗುಡ್ಡೆಯಾಗಿ ಉಬ್ಬುತ್ತದೆ. ಹೀಗೆ ದಿಂಬುಗಳನ್ನು ಒಟ್ಟಿದಂತೆ ತೋರುವ ಶಿಲಾರಾಶಿಯೊಂದು ನೆರೆಯ ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಇಂದಿಗೂ ಉಳಿದಿದೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ.

ಹಾಗಾದರೆ ಬೆಂಕಿಯಿಂದ ಹುಟ್ಟಿದ ಈ ನಾಡಿನಲ್ಲಿ ಹೆಸರಾಂತ ಜಲಪಾತವೊಂದೂ ಇಲ್ಲವೇಕೆ? ನೀರು ಧುಮುಕಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು: ನೆಲದಲ್ಲಿ ಎತ್ತರದ ಮೆಟ್ಟಿಲೊಂದು ಇರಬೇಕು, ಆ ಮೆಟ್ಟಿಲಿನ ಅಂಚನ್ನು ಕಾಯುವ ಗಟ್ಟಿಕಲ್ಲು ಇರಬೇಕು, ತುಂಬಿ ಹರಿಯುವ ನೀರಿರಬೇಕು. ಬಳ್ಳಾರಿಗೆ ಗಟ್ಟಿಕಲ್ಲಿನ ಕೊರತೆಯಿಲ್ಲ. ಆದರೆ ಅದರ ನೆಲ ಬಹುಕಾಲದ ಸವೆತದಿಂದ ಸಮತಟ್ಟಾಗಿದೆ. ವರ್ಷಕ್ಕೆ ಬೀಳುವ ಮಳೆಯೂ ೫೦೦ ಮಿಲಿಮೀಟರಿನ ಆಸುಪಾಸಿನದು. ಸಂಡೂರಿನ ನಾರಿಹಳ್ಳ ಅಲ್ಲಿನ ಬೆಟ್ಟಸಾಲನ್ನು ಓಬಳಗಂಡಿಯಲ್ಲಿ ಸೀಳಿ ಕಣಿವೆಯನ್ನು ಹೊಕ್ಕು, ಭೀಮಗಂಡಿಯಲ್ಲಿ ಮತ್ತೆ ಸೀಳಿ ಹೊರಬಂದು ದರೋಜಿಯ ಕೆರೆಯ ಕಡೆಗೆ ಸಾಗುತ್ತದೆ. ಆ ಗಂಡಿಗಳನ್ನು ಕಂಡರೆ ನೀರಿನ ಗರಗಸದ ಶಕ್ತಿ ಮನಸ್ಸಿಗೆ ತಟ್ಟುತ್ತದೆ. ಬೆಟ್ಟವನ್ನು ಹಾರಿ ಇಳಿಯುವ ಗೊಡವೆಯಿಲ್ಲದೆ ಅದನ್ನೇ ತಳದವರೆಗೆ ಕೊಯ್ದು ದಾರಿ ಮಾಡಿಕೊಂಡ ಹೊಳೆಯದು. ಅಲ್ಲಿ ನದಿಯ ಕೆಲಸ ಬಹುಪಾಲು ಮುಗಿದಿದೆ. ಜಲಪಾತವಿರುವುದು ಕೆಲಸ ಇನ್ನೂ ಮುಗಿಯದ ಕಡೆ.

ಲಾವಾರಸದ ಮೆಟ್ಟಿಲುಗಳು

ಕೆಲಸ ಮುಗಿಯದ ಬೆಂಕಿಯ ನೆಲವನ್ನು ನೋಡಲು ವಾಯವ್ಯಕ್ಕೆ ತಿರುಗಬೇಕು. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಇಂದಿನ ಪಶ್ಚಿಮ ಭಾರತದಲ್ಲಿ ಭೂಮಿ ಬಿರಿಯಿತು. ಶಂಕುವಿನಾಕಾರದ ಒಂದು ಬೆಟ್ಟದ ಬಾಯಿಂದ ಬಂದ ಬೆಂಕಿಯಲ್ಲ ಅದು. ನೆಲದ ಉದ್ದುದ್ದ ಬಿರುಕುಗಳಿಂದ ಉಕ್ಕಿದ ರಸವು ನೆರೆಯಂತೆ ಹರಡಿತು, ತಣಿಯಿತು, ಅದರ ಮೇಲೆ ಮತ್ತೊಂದು ನೆರೆ ಬಂತು. ಹೀಗೆ ಪದರದ ಮೇಲೆ ಪದರ ಕೂಡಿ ಸಹ್ಯಾದ್ರಿಯ ಬಳಿ ಲಾವಾದ ದಪ್ಪ ಎರಡು ಕಿಲೋಮೀಟರುಗಳನ್ನೂ ಮೀರಿತು. ಸವೆದು ಉಳಿದಿರುವ ಭಾಗವೇ ಇಂದು ಸುಮಾರು ಐದು ಲಕ್ಷ ಚದರ ಕಿಲೋಮೀಟರು ವ್ಯಾಪಿಸಿದೆ. ಕರ್ನಾಟಕದಲ್ಲಿ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ದೊಡ್ಡ ಭಾಗಗಳು ಈ ಕರಿಯ ಹೊದಿಕೆಯ ಮೇಲೆ ನಿಂತಿವೆ. ಅದು ಬಳ್ಳಾರಿಯನ್ನು ಮುಟ್ಟಿಲ್ಲ. ಸಿರುಗುಪ್ಪದ ಎರೆಮಣ್ಣನ್ನು ಕಂಡು ಇಲ್ಲಿಗೂ ಈ ಲಾವಾ ಬಂದಿತ್ತೆಂದು ಭಾವಿಸುವುದು ಸರಿಯಲ್ಲ. ಹಳೆಯ ಕಲ್ಲುಗಳು ಕೊಳೆತೂ ಕರಿಮಣ್ಣಾಗಬಲ್ಲವು.

ಈ ನೆಲಕ್ಕೆ ಭೂವಿಜ್ಞಾನಿಗಳು ‘ಡೆಕ್ಕನ್ ಟ್ರ್ಯಾಪ್’ ಎಂದು ಹೆಸರಿಟ್ಟಿದ್ದಾರೆ. ಟ್ರ್ಯಾಪ್ ಎಂಬ ಮಾತಿನ ಮೂಲ ಸ್ವೀಡನ್ನಿನ ಭಾಷೆಯಲ್ಲಿ; ಅಲ್ಲಿ ಅದಕ್ಕೆ ಮೆಟ್ಟಿಲೆಂದು ಅರ್ಥ. ಹೆಸರು ಅನ್ವರ್ಥಕವಾಗಿದೆ. ಒಂದೊಂದು ಲಾವಾ ಪ್ರವಾಹದ ನಡುಭಾಗ ಬಿಗಿಯಾದ ಕಗ್ಗಲ್ಲು. ಮೇಲ್ಭಾಗವೋ ಅನಿಲದ ಗುಳ್ಳೆಗಳಿಂದ ತೂತುತೂತಾದ ಸಡಿಲಗಲ್ಲು. ಎರಡು ಪ್ರವಾಹಗಳ ನಡುವೆ ಬಿಡುವು ದೊರೆತ ಕಡೆ ಕೆಂಪು ಮಣ್ಣಿನ ಪಟ್ಟಿಯೂ ಸಿಕ್ಕಿಕೊಂಡಿರುತ್ತದೆ. ನೀರು ಮೆತ್ತಗಿನ ಪದರವನ್ನು ಬೇಗ ಕೊರೆಯುತ್ತದೆ. ಗಟ್ಟಿ ಪದರವು ಚಾಚಿಕೊಂಡು ನಿಲ್ಲುತ್ತದೆ. ಅಡಿಯ ಆಸರೆ ತಪ್ಪಿದಾಗ ಒಂದು ದಿನ ಮುರಿದು ಬೀಳುತ್ತದೆ. ಲಾವಾ ತಣಿಯುವಾಗ ಕುಗ್ಗಿ ನೆಟ್ಟಗೆ ಬಿರಿಯುವುದರಿಂದ ಮುರಿದ ಅಂಚೂ ಗೋಡೆಯಂತೆ ಕಡಿದಾಗಿಯೇ ಇರುತ್ತದೆ. ಮಲ್ಪೆಯ ಕಡಲಿನಲ್ಲಿ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳನ್ನು ನೋಡಿದವರಿಗೆ ಈ ಬಿರಿತದ ಬಗೆಯನ್ನು ವಿವರಿಸಬೇಕಾಗಿಲ್ಲ. ಆ ಕಲ್ಲು ಬೇರೆಯ ಕಾಲದ್ದಾದರೂ ತಣಿಯುವ ರೀತಿ ಒಂದೇ.

ಅಜಂತೆಯಲ್ಲಿ ವಾಘೋರಾ ಹೊಳೆ ಇಂತಹ ಮೆಟ್ಟಿಲುಗಳನ್ನೇ ಹಿಡಿದು ಏಳು ನೆಗೆತಗಳಲ್ಲಿ ಕಂದರಕ್ಕಿಳಿಯುತ್ತದೆ. ಜಗದ್ವಿಖ್ಯಾತ ಗುಹೆಗಳನ್ನು ಕೊರೆದಿರುವುದೂ ಆ ಕಂದರದ ಲಾವಾಗೋಡೆಯಲ್ಲಿಯೇ. ಹೊರದೇಶಗಳಲ್ಲಿಯೂ ಇದೇ ಸೂತ್ರ. ಬ್ರೆಜಿಲ್ ಮತ್ತು ಅರ್ಜೆಂಟೀನಾಗಳ ಗಡಿಯಲ್ಲಿ ಇಗ್ವಾಸು ನದಿ ಲಾವಾದ ಅಂಚಿನಿಂದ ಸುಮಾರು ೨೭೫ ಕವಲುಗಳಾಗಿ ಧುಮುಕುತ್ತದೆ. ಆಫ್ರಿಕದಲ್ಲಿ ಜಾಂಬೆಜಿ ನದಿಯ ಹಾಸು ಸುಮಾರು ೧೮ ಕೋಟಿ ವರ್ಷಗಳ ಲಾವಾಶಿಲೆ. ಅದರ ಬಿರುಕೊಂದಕ್ಕೆ ನದಿ ೧೭೦೦ ಮೀಟರಿಗೂ ಮೀರಿದ ಅಗಲದಲ್ಲಿ, ೧೦೮ ಮೀಟರು ಆಳಕ್ಕೆ ಉರುಳುತ್ತದೆ. ೧೮೫೫ರಲ್ಲಿ ಅದನ್ನು ಕಂಡ ಲಿವಿಂಗ್‌ಸ್ಟನ್ ತನ್ನ ರಾಣಿ ವಿಕ್ಟೋರಿಯಾಳ ಹೆಸರನ್ನಿಟ್ಟನು; ಆ ನೆಲದ ಜನರಿಗೆ ಅದು ಮೊದಲಿನಿಂದಲೂ ‘ಗುಡುಗುವ ಹೊಗೆ’. ಜಲಪಾತದ ಕೆಳಗೆ ಅಂಕುಡೊಂಕಾಗಿ ಸಾಗುವ ಕಂದರಗಳು ಅದು ಹಿಂದೆ ನಿಂತಿದ್ದ ಜಾಗಗಳ ಗುರುತು. ಅಂಚು ಮುರಿದಂತೆಲ್ಲ ಜಲಪಾತ ನದಿಯ ಮೂಲದ ಕಡೆಗೆ ಹಿಮ್ಮೆಟ್ಟುತ್ತ ಬಂದಿದೆ. ಒಂದೆಡೆ ನಿಂತಂತೆ ಕಂಡರೂ ಜಲಪಾತ ನಡೆಯುತ್ತಿರುವ ವಸ್ತು.

ಒಂದೇ ಮಳೆಗೆ ಎರಡು ದಾರಿ

ಗೋಕಾಕಕ್ಕೆ ಬರುವ ನೀರಿನ ಹುಟ್ಟನ್ನು ಹುಡುಕಿದರೆ ಸಹ್ಯಾದ್ರಿಯ ನೆತ್ತಿಗೆ ಏರಬೇಕಾಗುತ್ತದೆ. ಬೆಳಗಾವಿಯ ಗಡಿಗೆ ಹತ್ತಿರದಲ್ಲಿ, ಮಹಾರಾಷ್ಟ್ರಕ್ಕೆ ಸೇರಿದ ಆಂಬೋಲಿ ಎಂಬ ಘಟ್ಟದ ಊರಿದೆ. ಅಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಬಳ್ಳಾರಿಯ ಹತ್ತಾರು ವರ್ಷಗಳ ಮಳೆ ಅಲ್ಲಿಗೆ ಒಂದೇ ಮಳೆಗಾಲದ ಲೆಕ್ಕ. ಆ ಮಳೆಯಲ್ಲಿ ಒಂದು ಪಾಲು ಪಶ್ಚಿಮದ ಅಂಚಿನಿಂದ ನೇರವಾಗಿ ಕೊಂಕಣದ ಕಡೆಗೆ ಧುಮುಕಿ, ಅರಬ್ಬಿ ಸಮುದ್ರವನ್ನು ಬಹುಬೇಗ ಸೇರಿಬಿಡುತ್ತದೆ. ಇನ್ನೊಂದು ಪಾಲು ಅಲ್ಲಿಯೇ ಗುಹೆಯೊಂದರಿಂದ ಹಿರಣ್ಯಕೇಶಿಯಾಗಿ ಹೊರಟು ಪೂರ್ವಕ್ಕೆ ಮುಖ ಮಾಡುತ್ತದೆ. ಸಂಕೇಶ್ವರದ ಸೀಮೆಯನ್ನು ತೋಯಿಸಿ, ಸಹ್ಯಾದ್ರಿಯಲ್ಲಿಯೇ ಹುಟ್ಟಿದ ಘಟಪ್ರಭೆಯನ್ನು ಕೂಡಿಕೊಂಡು ಗೋಕಾಕಕ್ಕೆ ಬರುತ್ತದೆ. ಮುಂದೆ ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೊನೆಗೆ ಆ ನೀರು ಬಂಗಾಳ ಕೊಲ್ಲಿಯದು.

ಹೀಗೆ ಪೂರ್ವಕ್ಕೆ ಹರಿಯುವ ನೀರಿಗೆ ಅವಸರವಿಲ್ಲ. ಲಾವಾ ಪ್ರಸ್ಥಭೂಮಿಯ ಮೇಲೆ ಮೆಲ್ಲನೆ ಇಳಿಯುತ್ತ, ಕರಿಮಣ್ಣನ್ನು ಕದಡಿಕೊಂಡು, ಕೆಸರುಬಣ್ಣ ತಾಳಿ ಅದು ಸಾಗುತ್ತದೆ. ಆಗ್ನೇಯಕ್ಕೆ ಬಂದಂತೆ ಲಾವಾದ ಹೊದಿಕೆ ತೆಳುವಾಗುತ್ತ ಅಲ್ಲಲ್ಲಿ ಹರಿದು, ಅದರ ಅಡಿಯಲ್ಲಿ ಹೂತುಹೋಗಿದ್ದ ಹಳೆಯ ನಾಡು ಹೊರಗೆ ಇಣುಕುತ್ತದೆ. ಅದು ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿಯಲ್ಲಿ ಹರಳುಹರಳಾಗಿ ಕೂಡಿ ಗಟ್ಟಿಯಾದ ಮರಳುಗಲ್ಲು. ಬ್ರೂಸ್ ಫುಟ್ ಇದನ್ನು ಬಾಗಲಕೋಟೆಯ ಬಳಿಯ ಕಲಾದಗಿಯ ಹೆಸರಿನಿಂದ ಗುರುತಿಸಿದನು. ಬೆಂಕಿಯ ಹೊದಿಕೆಗೂ ಹೂತ ನಾಡಿಗೂ ಗಡಿಯಾದ ಈ ಸೀಮೆಯಲ್ಲಿಯೇ ಘಟಪ್ರಭೆಗೆ ನೆಗೆಯುವ ಹೊತ್ತು ಒದಗುತ್ತದೆ.

ಗೋಕಾಕದ ಕುದುರೆಲಾಳ

ಮಳೆಗಾಲದ ದಿನಗಳಲ್ಲಿ ಗೋಕಾಕದ ಜಲಪಾತವನ್ನು ಕಣ್ಣಿಗಿಂತ ಮೊದಲು ಕಿವಿ ಕಾಣುತ್ತದೆ. ಹತ್ತಿರ ಬಂದಂತೆಲ್ಲ ಮೊರೆತ ಹೆಚ್ಚುತ್ತದೆ. ತುಂತುರು ಮುಖಕ್ಕೆ ತಾಗುತ್ತದೆ. ಅಲ್ಲಿಯವರೆಗೆ ಅಗಲವಾದ ಬಂಡೆಹಾಸಿನ ಮೇಲೆ ಹರಡಿಕೊಂಡು ಬರುವ ನದಿ, ಕುದುರೆಲಾಳದಂತೆ ಬಾಗಿದ ಅಂಚೊಂದನ್ನು ತಲುಪಿ ೧೭೦ ಅಡಿ, ಎಂದರೆ ಸುಮಾರು ೫೨ ಮೀಟರು ಕೆಳಗೆ ಒಮ್ಮೆಗೇ ಬೀಳುತ್ತದೆ. ಪ್ರವಾಹ ತುಂಬಿದಾಗ ಆ ಅಂಚಿನ ಅಗಲ ೧೭೭ ಮೀಟರು. ಜೋಗದ ನೀರು ೨೫೩ ಮೀಟರು ಎತ್ತರದಿಂದ ಬಿಳಿಯ ನೂಲುಗಳಂತೆ ಇಳಿಯುವುದಾದರೆ, ಗೋಕಾಕದ್ದು ಕೆಸರಿನ ಕಂದುಬಣ್ಣದ ದಪ್ಪನೆಯ ಪರದೆ. ಅದರ ಚೆಲುವು ನಯದ್ದಲ್ಲ, ಬಲದ್ದು. ಆಕಾರದಲ್ಲಿಯೂ ಎತ್ತರದಲ್ಲಿಯೂ ಅಮೆರಿಕದ ನಯಾಗರಕ್ಕೆ ಇದು ಸಮೀಪದ ಬಂಧು. ಅಗಲದಲ್ಲಿ ಮಾತ್ರ ಕಿರಿಯದು.

ಜಲಪಾತದ ಮುಂದಿನ ಕಂದರದ ಗೋಡೆಗಳಲ್ಲಿ ಮರಳುಗಲ್ಲಿನ ಹಾಸುಗಳು ಪುಸ್ತಕದ ಪುಟಗಳಂತೆ ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಧುಮುಕಿದ ನೀರು ಬುಡವನ್ನು ತಿನ್ನುತ್ತದೆ. ನೆಟ್ಟನೆಯ ಬಿರುಕುಗಳ ಗುಂಟ ಮೇಲಿನ ಹಾಸು ಕಳಚಿ ಬೀಳುತ್ತದೆ. ಲಾವಾದ ಮೆಟ್ಟಿಲನ್ನು ಕೆತ್ತುವ ಉಳಿಯೇ ಈ ಹಳೆಯ ಕಲ್ಲನ್ನೂ ಕೆತ್ತುತ್ತಿದೆ. ಗೋಕಾಕಕ್ಕೆ ಅನತಿದೂರದಲ್ಲಿ, ಘಟಪ್ರಭೆಯ ಉಪನದಿ ಮಾರ್ಕಂಡೇಯ ಗೊಡಚಿನಮಲ್ಕಿಯಲ್ಲಿ ಎರಡು ಹಂತವಾಗಿ ಧುಮುಕುತ್ತದೆ. ಒಂದೇ ಬಗೆಯ ನೆಲ ಸಿಕ್ಕಿದ ಎರಡು ಹೊಳೆಗಳು ಒಂದೇ ಪಾಠವನ್ನು ಒಪ್ಪಿಸಿದಂತಿದೆ.

ಜಲಪಾತದ ದಡದಲ್ಲಿ ಚಾಲುಕ್ಯ ಶೈಲಿಯ ಪ್ರಾಚೀನ ದೇವಾಲಯಗಳಿವೆ; ಅವುಗಳಲ್ಲಿ ಮಹಾಲಿಂಗೇಶ್ವರನ ಗುಡಿ ಮುಖ್ಯವಾದುದು. ಇಂತಹ ಮೊರೆತದ ಪಕ್ಕದಲ್ಲಿ ಕುಳಿತು ಕಲ್ಲು ಕಡೆದ ಶಿಲ್ಪಿಗಳಿಗೆ ಉಳಿಯ ಸದ್ದಾದರೂ ಕೇಳಿಸಿತೋ ಇಲ್ಲವೋ! ಆ ಶಿಲ್ಪಿಗಳಿಗೆ ನದಿಯಿಂದ ಬೇಕಾಗಿದ್ದುದು ಸಾನ್ನಿಧ್ಯ ಮಾತ್ರ. ಅವರ ಅನಂತರ ಬಂದವರು ಬೇರೆಯದನ್ನು ಬಯಸಿದರು.

ಗಿರಣಿ, ಕಾಲುವೆ, ಅಣೆಕಟ್ಟು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಬೀಳುವ ನೀರಿನಲ್ಲಿ ದುಡಿಮೆಯ ಬಲವಿದೆಯೆಂಬುದನ್ನು ಉದ್ಯಮಿಗಳು ಕಂಡುಕೊಂಡರು. ೧೮೮೭ರ ಸುಮಾರಿಗೆ ಜಲಪಾತದ ನೆತ್ತಿಯ ಬಳಿ ನೂಲಿನ ಗಿರಣಿ ತಲೆಯೆತ್ತಿತು. ಕೆಳಗಿನ ಕಂದರದಲ್ಲಿ ಟರ್ಬೈನುಗಳು ತಿರುಗಿದವು. ನದಿಯನ್ನು ದಾಟಲು ಸುಮಾರು ೨೦೦ ಮೀಟರು ಉದ್ದದ ತೂಗುಸೇತುವೆಯೊಂದನ್ನು ಬಂಡೆಹಾಸಿನಿಂದ ೧೪ ಮೀಟರು ಎತ್ತರದಲ್ಲಿ ಕಟ್ಟಿದರು. ಅದೇ ಶತಮಾನದ ಕೊನೆಯ ವರ್ಷಗಳಲ್ಲಿ, ಜಲಪಾತದ ಮೇಲ್ಗಡೆ ಧೂಪದಾಳದಲ್ಲಿ ಒಡ್ಡು ನಿಂತು, ಅಲ್ಲಿಂದ ಕಾಲುವೆಯ ನೀರು ಹೊಲಗಳಿಗೆ ಹರಿಯಿತು. ೧೯೭೦ರ ದಶಕದಲ್ಲಿ ಇನ್ನೂ ಮೇಲೆ, ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯ ಪೂರ್ಣವಾಯಿತು. ಅಂದಿನಿಂದ ಘಟಪ್ರಭೆಯ ಓಟದ ಲಗಾಮು ಬಹುಮಟ್ಟಿಗೆ ಮನುಷ್ಯನ ಕೈಯಲ್ಲಿದೆ.

ಇದರ ಫಲವನ್ನು ಜಲಪಾತದ ಮುಂದೆ ನಿಂತೇ ಅರಿಯಬಹುದು. ಜುಲೈಯಿಂದ ಸೆಪ್ಟೆಂಬರಿನವರೆಗೆ ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಪರದೆ ಪೂರ್ತಿ ತೆರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಅಂಚು ಬರಿಯ ಬಂಡೆ. ನೀರಿನ ನಾಲ್ಕೆಂಟು ಎಳೆಗಳು ಕಂಡರೆ ಅದೇ ಪುಣ್ಯ. ಜೋಗದ ಕಥೆಯೂ ಬೇರೆಯಲ್ಲ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದ ಮೇಲೆ ಶರಾವತಿಯ ವೈಭವ ಜಲಾಶಯದ ಬಾಗಿಲುಗಳಿಗೆ ಅಧೀನವಾಯಿತು.

ಇದನ್ನು ಬರಿಯ ನಷ್ಟವೆಂದು ಹೇಳಿ ನಿಟ್ಟುಸಿರಿಡುವುದು ಸುಲಭ, ನ್ಯಾಯವಲ್ಲ. ಬಳ್ಳಾರಿಯ ಜನಕ್ಕಂತೂ ಇದು ಚೆನ್ನಾಗಿ ತಿಳಿದ ಸಂಗತಿ. ೧೯೪೫ರಲ್ಲಿ ಅಡಿಗಲ್ಲು ಬಿದ್ದು ೧೯೫೩ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು ಇಲ್ಲದಿದ್ದರೆ ಸಿರುಗುಪ್ಪದ ಬತ್ತದ ಗದ್ದೆಗಳ ಇಂದಿನ ಹಸಿರು ಎಲ್ಲಿರುತ್ತಿತ್ತು? ಬರದ ಬವಣೆಯನ್ನು ತಲೆಮಾರುಗಳಿಂದ ಉಂಡ ಸೀಮೆಗೆ ಕಾಲುವೆಯ ನೀರು ನೋಟದ ಸುಖಕ್ಕಿಂತ ದೊಡ್ಡದು. ಹಿಡಕಲ್ಲಿನ ನೀರನ್ನು ನಂಬಿದ ರೈತನೂ ಅದೇ ಮಾತನ್ನು ಹೇಳುತ್ತಾನೆ. ಜಲಪಾತದಲ್ಲಿ ಕಾಣದ ನೀರು ಎಲ್ಲಿಯೋ ಜೋಳದ ತೆನೆಯಾಗಿ, ಕಬ್ಬಿನ ಗಣಿಕೆಯಾಗಿ ಕಾಣುತ್ತದೆ.

ಆದರೂ ಮನುಷ್ಯನ ಲಗಾಮಿಗೆ ಮಿತಿಯಿದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಸಹ್ಯಾದ್ರಿಯ ಮಳೆ ಎಣಿಕೆಯನ್ನು ಮೀರಿದಾಗ, ಜಲಪಾತದ ಕೆಳಗೆ ಕೆಲವೇ ಕಿಲೋಮೀಟರುಗಳ ದೂರದಲ್ಲಿರುವ ಗೋಕಾಕ ಪಟ್ಟಣಕ್ಕೆ ಘಟಪ್ರಭೆ, ಮಾರ್ಕಂಡೇಯಗಳ ನೀರು ನುಗ್ಗಿತು. ದೂರದವರು ಬಂದು ಕಣ್ತುಂಬ ನೋಡಿ ಹೋಗುವ ಅದೇ ನೀರು ಅಂದು ಅಲ್ಲಿನವರ ಮನೆಯ ಹೊಸ್ತಿಲನ್ನು ದಾಟಿ ಕಾಳುಕಡಿ, ಹಾಸಿಗೆಬಟ್ಟೆಗಳನ್ನು ಕೆಡಿಸಿತು. ನದಿಯ ಬಲವನ್ನು ದಡದಲ್ಲಿ ನಿಂತು ಮೆಚ್ಚುವವನೂ, ಅದೇ ಬಲವನ್ನು ಮನೆಯೊಳಗೆ ಕಂಡವನೂ ಅದರ ವಿಷಯವಾಗಿ ಒಂದೇ ದನಿಯಲ್ಲಿ ಮಾತನಾಡಲಾರರು.

ನೋಡುವವರ ಹೊಣೆ

ಮಳೆಗಾಲದಲ್ಲಿ ಗೋಕಾಕಕ್ಕೆ ಹೋಗುವವರು ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು. ಮೊದಲನೆಯದು ಜೀವದ ಮಾತು. ಅಂಚಿನ ಬಂಡೆ ನೀರಿನಿಂದಲೂ ಪಾಚಿಯಿಂದಲೂ ನುಣುಪಾಗಿರುತ್ತದೆ. ಚಿತ್ರ ತೆಗೆಸಿಕೊಳ್ಳುವ ಉತ್ಸಾಹದಲ್ಲಿ ಒಂದು ಹೆಜ್ಜೆ ತಪ್ಪಿದರೆ ಹಿಂದಿರುಗಿ ಬರುವ ದಾರಿಯಿಲ್ಲ. ಮೇಲಿನ ಜಲಾಶಯದಿಂದ ನೀರು ಬಿಟ್ಟಾಗ ಒಣಗಿದ ಬಂಡೆಹಾಸು ನೋಡನೋಡುತ್ತಿದ್ದಂತೆ ಹೊಳೆಯಾಗಬಲ್ಲದು.

ಎರಡನೆಯದು ಕಲ್ಲಿನ ಮಾತು. ನೀರನ್ನು ನೋಡಿ ತಣಿದ ಕಣ್ಣನ್ನು ಒಂದು ಗಳಿಗೆ ಬಂಡೆಯ ಕಡೆಗೂ ಹೊರಳಿಸಬೇಕು. ಕಲ್ಲು ಬಿರಿದು ಬಿದ್ದ ಗುರುತುಗಳು ಅಲ್ಲಿವೆ. ಬುಡದಲ್ಲಿ ಉರುಳಿದ ದೊಡ್ಡ ದೊಡ್ಡ ಗುಂಡುಗಳಿವೆ. ಲಾವಾದ ನೆಲದಿಂದ ಬಂದ ಕೆಸರುನೀರು ಅದಕ್ಕಿಂತ ಎಷ್ಟೋ ಹಳೆಯದಾದ ಕಲ್ಲನ್ನು ಇಂದಿಗೂ ಕಡಿಯುತ್ತಿದೆ. ಕಬ್ಬಿಗೂ ಗಿರಣಿಗೂ ನೀರನ್ನು ಹಂಚುವ ಲೆಕ್ಕದಲ್ಲಿ ನದಿಗೂ ಒಂದು ಪಾಲನ್ನು ಉಳಿಸಿದರೆ ಈ ಕೆಲಸ ಮುಂದುವರಿಯುತ್ತದೆ. ಹಾಗೆ ಉಳಿಸುವುದು ನೋಟದ ಚಪಲಕ್ಕಾಗಿ ಮಾತ್ರವಲ್ಲ. ಜಲಪಾತದ ಕೆಳಗಿನ ಹೊಳೆಯನ್ನು ನಂಬಿ ಮೀನುಗಳಿವೆ, ದನಕರುಗಳಿವೆ, ದಡದ ಹಳ್ಳಿಗಳ ಬಾವಿಗಳಿವೆ.

ಅಂತಹ ಪಯಣದಿಂದ ಬಳ್ಳಾರಿಗೆ ಮರಳಿದವರಿಗೆ ಊರಿನ ಗುಡ್ಡಗಳೂ ಹೊಸದಾಗಿ ಕಂಡಾವು. ಸಂಡೂರಿನ ಗಂಡಿಗಳಲ್ಲಿ ನಾರಿಹಳ್ಳ ಮುಗಿಸಿದ ಕೆಲಸವನ್ನೇ ಗೋಕಾಕದಲ್ಲಿ ಘಟಪ್ರಭೆ ಮಾಡುತ್ತಿದೆ. ಅಲ್ಲಿನ ಅಂಚೂ ಒಂದು ದಿನ ಸವೆದು ಇಳಿಜಾರಾಗುವುದು ನಿಶ್ಚಯ. ಅದಕ್ಕೆ ನದಿ ತೆಗೆದುಕೊಳ್ಳುವ ಕಾಲ ಮನುಷ್ಯನ ಎಣಿಕೆಗೆ ಸಿಕ್ಕುವಂಥದಲ್ಲ. ಆದರೆ ಅಂಚು ಗಟ್ಟಿಯಾಗಿರುವಾಗಲೇ ನೀರು ಇಲ್ಲವಾದರೆ, ಆ ಜಲಪಾತವನ್ನು ಮುಗಿಸಿದ್ದು ಕಾಲವಲ್ಲ, ನದಿಯ ನೀರನ್ನು ಹಂಚಿಕೊಂಡವರು ಎಂದು ಮುಂದಿನವರು ಹೇಳಬೇಕಾದೀತು.